ಮೊರೆಯಿಂದ ಕರುಣೆಗೆ ಎಷ್ಟು ಪುಟ

ಅಕ್ಕ ಕಣ್ಣಿನ ಪರದೆಯ ಆಪರೇಷನ್ ಮಾಡಿಸಿಕೊಂಡು, ವೈದ್ಯರು ಹೇಳಿದಂತೆ ಐದು ವಾರ ಬೋರಲು ಮಲಗಿದ್ದಾಗ ನಾನು ಅವಳ ಹತ್ತೊಂಬತ್ತು ವರ್ಷದ ಕೆಲಸವನ್ನು ರಬ್ಬರಿನಿಂದ ಅಳಿಸಿದೆ. ದಿನದ ಕೊನೆಗೆ ರಬ್ಬರಿನ ಪುಡಿ ಊದಿ, ಮೇಜು ಒರೆಸಿ ಮನೆಗೆ ಹೋಗುತ್ತಿದ್ದೆ. ಚೊಕ್ಕಟವಾಗಿರುವುದು ನನ್ನ ಅಭ್ಯಾಸ.

ಅಕ್ಕ ಅರಬ್ಬಿ ನಿಘಂಟಿನ ಸಂಪಾದಕಿ. ಪದದ ಒಂದೊಂದು ಅರ್ಥಕ್ಕೆ ಒಂದೊಂದು ಕಾರ್ಡು. ಒಟ್ಟು ಒಂಬತ್ತು ಸಾವಿರ. ನಾನು ರಸಾಯನಶಾಸ್ತ್ರ ಓದಿ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದವನು. ಲ್ಯಾಬು ಮುಚ್ಚಿದಾಗ ಅವಳೇ ನಿಘಂಟು ಕಚೇರಿಯ ನಿರ್ದೇಶಕರ ಹತ್ತಿರ ಹೇಳಿ ನನ್ನನ್ನು ನಕಲುಗಾರನಾಗಿ ಸೇರಿಸಿಕೊಂಡಳು. ಎಲ್ಲವನ್ನೂ ತೂಗಿ ನೋಡುತ್ತೇನೆಂದು ನನಗೆ ‘ತಕ್ಕಡಿ’ ಎಂದು ಹೆಸರಿಟ್ಟವಳೂ ಅವಳೇ.

ಸೇರಿದ ಮೊದಲ ದಿನ ಅವಳು ಒಂದು ಡ್ರಾಯರು ಎಳೆದು ತೋರಿಸಿದ್ದಳು.

“ನೋಡೋ ತಕ್ಕಡಿ, ಅರಬ್ಬಿ ಪದಕ್ಕೆ ಸಾಮಾನ್ಯವಾಗಿ ಮೂರು ವ್ಯಂಜನದ ಬೇರು ಇರತ್ತೆ. ಇದು ರ, ಹ, ಮ. ಸ್ವರ ಬದಲಾಯಿಸು, ಮುಂದೊಂದು ಅಕ್ಷರ ಸೇರಿಸು, ಹೊಸ ಪದ. ರಹಿಮ್ ಅಂದ್ರೆ ಗರ್ಭ. ಒಂದೇ ಗರ್ಭದವರ ನಂಟಿಗೂ ಅದೇ ಪದ. ರಹಮ ಅಂದ್ರೆ ಕರುಣೆ. ಇಸ್ತಿರ್ಹಾಮ್ ಅಂದ್ರೆ ಕರುಣೆ ತೋರು ಅಂತ ಮೊರೆ ಇಡೋದು. ಕೊನೆಗೆ ಮರ್ಹೂಮ್, ಕರುಣೆ ಪಡೆದವನು, ಅಂದ್ರೆ ಸತ್ತವನು.”

“ಸತ್ತ ಮೇಲೇನಾ ಸಿಗೋದು?”

“ನಿನ್ನಂಥವರಿಗೆ ಆಗಲೂ ಡೌಟು,” ಎಂದಳು.

ಕಾರ್ಡುಗಳು ಬೇರಿನ ಪ್ರಕಾರ ಕೂತಿದ್ದವು. ಪ್ರತಿ ಕಾರ್ಡಿನ ಮೇಲಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಎರಡು ಅಂಕಿ. ಮೇಲಿನದು ಆ ಬೇರಿನೊಳಗೆ ಆ ಅರ್ಥದ ಸಂಖ್ಯೆ, ಕೆಳಗಿನದು ಅದು ಯಾವ ಅರ್ಥದಿಂದ ಕವಲೊಡೆಯಿತೋ ಅದರದು. ಏಳರ ಕೆಳಗೆ ಮೂರಿದ್ದರೆ, ಏಳನೆಯ ಅರ್ಥ ಮೂರನೆಯದರಿಂದ ಹುಟ್ಟಿದ್ದು. ಹಳೆಯ ಗ್ರಂಥಗಳ ಸಾಲುಗಳನ್ನು ಒಂದೊಂದಾಗಿ ಓದಿ, ವಾದ ಮಾಡಿ, ಮತ್ತೆ ತಿದ್ದಿ ಅವಳು ಆ ಅಂಕಿಗಳನ್ನು ಹಾಕಿದ್ದಳು. ತಿದ್ದಲು ಬರಲೆಂದೇ ಪೆನ್ಸಿಲು. ಬೇರೆಲ್ಲೂ ನಕಲು ಇರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ, ಇಲ್ಲಿ ಹಾಗೆ ಹೇಳುವುದಿಲ್ಲ.

ಅವಳು ರಜೆ ಹಾಕಿದ ವಾರ ನಿರ್ದೇಶಕರು ನನ್ನ ಮೇಜಿಗೆ ಬಂದರು.

“ಮರ್ಹೂಮ್ ಅನ್ನೋ ಪದ ಹುಡುಕೋನು ಮ ಅಕ್ಷರಕ್ಕೇ ಹೋಗ್ತಾನಲ್ಲಪ್ಪ. ಬೇರು ಕೆದಕೋಕೆ ಅವನೇನು ತೋಟದ ಮಾಲಿನಾ?”

“ಅಕ್ಕ ಒಪ್ಪಲ್ಲ ಸರ್.”

“ನೀನೂ ಸೈನ್ಸ್ ಓದಿದವನು. ನಿನಗೊಂದು ಸ್ವಂತ ಅಭಿಪ್ರಾಯ ಇಲ್ವಾ?”

ಆರು ವರ್ಷದಲ್ಲಿ ಆ ಕಚೇರಿಯಲ್ಲಿ ನನ್ನ ಅಭಿಪ್ರಾಯ ಕೇಳಿದವರು ಅವರೊಬ್ಬರೇ. ಮಾರನೆಯ ಬೆಳಿಗ್ಗೆಯಿಂದ ಕಾರ್ಡುಗಳನ್ನು ಮೊದಲಕ್ಷರದ ಪ್ರಕಾರ ಜೋಡಿಸತೊಡಗಿದೆ. ದಿನಕ್ಕೆ ಮುನ್ನೂರು, ಮೂವತ್ತು ಕೆಲಸದ ದಿನ. ಹೊಸ ಕ್ರಮಸಂಖ್ಯೆಯನ್ನು ಶಾಯಿಯಲ್ಲಿ ಬರೆಯಬೇಕಿತ್ತು. ಕಾರ್ಡಿನ ಎಡಮೂಲೆ ಖಾಲಿಯೇ ಇತ್ತು. ನಾನು ಬಲಮೂಲೆಯನ್ನು ಅಳಿಸಿ ಅಲ್ಲೇ ಬರೆದೆ.

ಲ್ಯಾಬಿನಲ್ಲಿ ಹೊಸಬರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ: ದಾಖಲೆ ತಪ್ಪೆನಿಸಿದರೂ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ.

ಆರನೆಯ ವಾರದ ಕೊನೆಗೆ ಅಕ್ಕ ಬಂದಳು. ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಮಸುಕು. ಉಳಿದ ದೃಷ್ಟಿ ಒಂದು ವರ್ಷ ಬಂದರೆ ಹೆಚ್ಚು ಎಂದಿದ್ದರು ವೈದ್ಯರು. ಅಷ್ಟರಲ್ಲಿ ಅರ್ಥಗಳ ಕವಲುಗಳನ್ನು ಮರದಂತೆ ಬರೆಸಿ ಅಚ್ಚಿಗೆ ಕೊಡಬೇಕು, ಅದೊಂದು ಆದರೆ ಸಾಕು ಎಂದು ಬಾಗಿಲಲ್ಲೇ ಹೇಳುತ್ತ ಒಳಬಂದಳು. ಕೈಯಿಟ್ಟು ಡ್ರಾಯರು ಎಳೆದು ಒಂದು ಕಾರ್ಡು ತೆಗೆದಳು. ಓದಲು ಹೋಗಲಿಲ್ಲ. ಹೆಬ್ಬೆರಳಿನಿಂದ ಬಲಮೂಲೆಯನ್ನು ಸವರಿದಳು. ಇನ್ನೊಂದನ್ನು ತೆಗೆದಳು, ಮತ್ತೊಂದನ್ನು.

“ಇದು ಯಾಕೋ ತರಿತರಿಯಾಗಿದೆ?”

“ಪೆನ್ಸಿಲು ತಾನಾಗೇ ಮಾಸಿತ್ತು ಅಕ್ಕ.”

“ಮಾಸಿದ್ದು ನುಣ್ಣಗಿರತ್ತೆ,” ಎಂದಳು. “ಉಜ್ಜಿದ್ದು ತರಿಯಾಗತ್ತೆ.”

ನಿರ್ದೇಶಕರ ಕೋಣೆಯಲ್ಲಿ ಅವಳು ಎರಡು ವರ್ಷದ ಗಡುವು ಕೇಳಿದಳು. ನೆನಪಿನಿಂದ ಮತ್ತೆ ಹಾಕುತ್ತೇನೆ, ಯಾರಾದರೂ ಓದಿ ಹೇಳಿದರೆ ಸಾಕು ಎಂದಳು. ನಾನು ಓದುತ್ತೇನೆ ಎಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

“ಮೇಡಂ, ಈಗಿರೋದೇ ಓದುಗರಿಗೆ ಸಲೀಸು,” ಎಂದರು ನಿರ್ದೇಶಕರು. “ನಿಮ್ಮ ತಮ್ಮ ಅಚ್ಚುಕಟ್ಟಾಗಿ ಮಾಡಿದಾನೆ.”

“ಹೌದು, ಚಿಕ್ಕಂದಿನಿಂದಲೂ ಹಾಗೇ. ತಿಂದ ತಟ್ಟೆಯನ್ನು ಹೇಳದೇನೆ ತೊಳೆದಿಡ್ತಿದ್ದ,” ಎಂದು ಅವಳು ಎದ್ದಳು.

ಹದಿನೈದು ತಿಂಗಳಲ್ಲಿ ನಿಘಂಟು ಬಂತು. ಸಂಪಾದಕರು ಎಂಬಲ್ಲಿ ನನ್ನ ಹೆಸರಿತ್ತು. ತನ್ನ ಹೆಸರು ತೆಗೆಯಿರಿ ಎಂದು ಅವಳು ಪತ್ರ ಬರೆಸಿ ಕಳಿಸಿದ್ದಳು. ಪ್ರತಿ ಹಿಡಿದು ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ನನ್ನ ಕೆಮ್ಮಿನಿಂದ ಗುರುತು ಹಿಡಿದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬೆನ್ನುಪಟ್ಟಿ ಸವರಿ ನನಗೇ ವಾಪಸು ಕೊಟ್ಟಳು.

“ಅಕ್ಕ, ನಾನೇ ಅಳಿಸಿದ್ದು. ಬೇಕಂತಲೇ. ತಪ್ಪಾಯ್ತು.”

ಕೆಳಗಿನ ಬೀದಿಯಲ್ಲಿ ಯಾರೋ ಷಟರು ಎಳೆದರು.

“ಇಸ್ತಿರ್ಹಾಮ್ ತೆಗಿ. ಎಷ್ಟನೇ ಪುಟ?”

“ಮೂವತ್ತೊಂದು.”

“ಈಗ ರಹಮ. ಒಂದೊಂದೇ ಹಾಳೆ ತಿರುವು. ಒಟ್ಟಿಗೆ ಎತ್ತಬೇಡ, ನಂಗೆ ಸದ್ದು ಕೇಳತ್ತೆ.”

ತಿರುವಿದೆ. ತೆಳು ಕಾಗದ, ಎರಡು ಅಂಟಿಕೊಂಡಾಗ ಬಿಡಿಸಿ ತಿರುವಿದೆ. ಅವಳು ತಲೆ ಬಾಗಿಸಿ ಕೇಳುತ್ತ ಕೂತಿದ್ದಳು. ಇನ್ನೂರನೆಯ ಪುಟ ದಾಟುವಾಗ ಎದ್ದಳು, ಗೋಡೆ ಹಿಡಿದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ನಿಲ್ಲಿಸಲಿಲ್ಲ. ನಾನೂರ ಹನ್ನೊಂದನೆಯ ಪುಟದಲ್ಲಿ ಆ ಪದ ಸಿಕ್ಕಿತು. ನಾನೇ ಹಾಕಿದ ಜಾಗದಲ್ಲಿ, ಸರಿಯಾದ ಅನುಕ್ರಮದಲ್ಲಿ ಇತ್ತು. ಬಾಗಿಲ ಕಡೆ ಮುಖ ಮಾಡಿ ಪುಟಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದೆ. ನೀರಿನ ಲೋಟ ತೊಳೆದಿಟ್ಟು ಹೊರಟೆ.