ಗದ್ದೆ ನೀರು, ಬಾವಿ ನೀರು

ಮಾದಾಪುರದ ಕೆಳಗಿನ ಆ ಬಯಲಲ್ಲಿ ಈಗ ಭತ್ತ ಬೆಳೆಯುವವಳು ಮುತ್ತಮ್ಮ ಒಬ್ಬಳೇ. ಉಳಿದವರು ಗದ್ದೆಗೆ ಶುಂಠಿ ಹಾಕಿದರು, ಅಡಿಕೆ ಇಟ್ಟರು. ಒಬ್ಬ ಪುಣ್ಯಾತ್ಮನಂತೂ ಮಣ್ಣು ತುಂಬಿಸಿ ಹೋಂಸ್ಟೇಗೆ ಕಾರು ನಿಲ್ಲಿಸುವ ಜಾಗ ಮಾಡಿಕೊಂಡ. ಅಕ್ಕಿ ಸೊಸೈಟಿಯಲ್ಲೇ ಸಿಗುತ್ತಲ್ಲ ಎಂದು ನಗುವವರಿಗೆ ಉತ್ತರ ಕೊಡುವ ಗೋಜಿಗೆ ಅವಳು ಹೋದವಳಲ್ಲ.

ಆ ದಿನ ಸಂತೆಯಿಂದ ಬಂದು ನೋಡುತ್ತಾಳೆ, ಮೊನ್ನೆ ತಾನೆ ನಾಟಿ ಮಾಡಿದ ಗದ್ದೆಯಲ್ಲಿ ನೀರೇ ಇಲ್ಲ! ಸಸಿಗಳು ಕೆಸರಿಗೆ ಅಂಟಿಕೊಂಡು ಬಿದ್ದಿವೆ. ಮೇಲಿನ ಗದ್ದೆಗೆ ಶುಂಠಿ ಹಾಕಿದವನು ಮೈದುನನ ಮಗ ಧರ್ಮೇಶ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆಂದು ಹತ್ತಿರದ ದಾರಿ ಹಿಡಿದು, ಅವಳ ಬದುವನ್ನೇ ಕಡಿದು ಹಳ್ಳದವರೆಗೆ ಚರಂಡಿ ಎಳೆದಿದ್ದ. ಅವನ ನೀರಿನ ಜೊತೆ ಅವಳದ್ದೂ ಹೊರಟುಹೋಗಿತ್ತು.

ಮುತ್ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಂತೆಯ ಚೀಲ ಅಲ್ಲೇ ಬಿಸಾಕಿ, ಗುದ್ದಲಿ ತಂದು, ಮಳೆಯಲ್ಲೇ ಬದು ಮುಚ್ಚತೊಡಗಿದಳು. ಧರ್ಮೇಶ ಕೊಡೆ ಹಿಡಿದು ಓಡಿ ಬಂದ.

"ದೊಡ್ಡಮ್ಮ, ಎಂತ ಮಾಡ್ತಿದ್ದೀರಿ? ನನ್ ಶುಂಠಿ ಕೊಳ್ತೋಗುತ್ತೆ!"

"ನಮ್ ಬಾವಿ ಬತ್ತೋಗುತ್ತಲ್ಲೋ!"

"ಇಂಥಾ ಮಳೇಲಿ ಬಾವಿ ಬತ್ತದಾ?" ಎಂದು ಅವನು ನಕ್ಕ.

ಗದ್ದೆಯ ಕೆಳಗಿದ್ದ ಆ ಬಾವಿಯೇ ಎರಡೂ ಮನೆಗೆ ಆಧಾರ. ಕಾಲು ಮುರಿದುಕೊಂಡು ಮುತ್ತಮ್ಮ ಗದ್ದೆಯನ್ನು ಪಾಳು ಬಿಟ್ಟ ವರ್ಷ ಗುಡ್ಡ ಜರಿಯುವಷ್ಟು ಮಳೆ ಬಂದಿತ್ತು. ಆದರೂ ಬೇಸಿಗೆ ಕಾಲಿಡುವ ಮೊದಲೇ ಬಾವಿಯ ತಳ ಕಂಡಿತ್ತು, ಎರಡೂ ಮನೆಯವರು ಟ್ಯಾಂಕರಿಗೆ ಕಾದು ಕೂತಿದ್ದರು. ಮತ್ತೆ ನಾಟಿ ಮಾಡಿದ ಮೇಲೆ ಬಾವಿ ಬತ್ತಲಿಲ್ಲ. ಗದ್ದೆಯ ನೀರು ನಿಂತ ಹಾಗೆ ಕಾಣುತ್ತದೆ ಅಷ್ಟೇ, ಒಳಗೊಳಗೇ ನಡೆಯುತ್ತಿರುತ್ತದೆ. ಆಷಾಢದಲ್ಲಿ ಬಿದ್ದದ್ದು ಮೆಲ್ಲಗೆ ನೆಲಕ್ಕಿಳಿದು ಬೇಸಿಗೆಯಲ್ಲಿ ಬಾವಿಗೆ ಬಂದು ಸೇರುತ್ತದೆ. ಬದು ಒಡೆದರೆ ಅದೇ ನೀರು ಹಳ್ಳ ಹಿಡಿದು ಹಾರಂಗಿ ಹೊಳೆ ಕಡೆ ಹೊರಟುಬಿಡುತ್ತದೆ.

ಇದನ್ನೆಲ್ಲ ಹೇಳಿದರೆ ಧರ್ಮೇಶ, "ಅದು ಬಿಸಿಲಿಗೆ ಬತ್ತಿದ್ದು ಬಿಡಿ" ಎಂದ. ಮರುದಿನ ಬೆಳಿಗ್ಗೆ ಮತ್ತೆ ಬದು ಕಡಿದ. ಇವಳು ಮತ್ತೆ ಮುಚ್ಚಿದಳು. ಅವನು ಮತ್ತೆ ಕಡಿದ.

ಈ ಸಲ ಮುತ್ತಮ್ಮ ಗುದ್ದಲಿ ಹಿಡಿಯಲಿಲ್ಲ. ನೇರ ಬಾವಿಗೆ ಹೋಗಿ, ಧರ್ಮೇಶನ ಮೋಟಾರಿನ ಪೈಪನ್ನು ಮೇಲಕ್ಕೆಳೆದು, ಅದರ ತುದಿಯನ್ನು ಅವನೇ ತೋಡಿದ ಚರಂಡಿಯಲ್ಲಿ ಮುಳುಗಿಸಿ, ಬದುವಿನ ಮೇಲೆ ಬಂದು ಕೂತಳು.

ಅಡಿಗೆ ಹೊತ್ತಿಗೆ ಧರ್ಮೇಶನ ಹೆಂಡತಿ ವೀಣಾ ಬಿಂದಿಗೆ ಹಿಡಿದು ದಡದಡ ಇಳಿದು ಬಂದಳು. ಧರ್ಮೇಶನೂ ಹಿಂದೆಯೇ ಬಂದ. ಬಿಂದಿಗೆಯಲ್ಲಿದ್ದದ್ದು ಹಾಲು ಹಾಕಿದ ಕಾಫಿಯ ಬಣ್ಣದ ನೀರು.

"ಮೋಟ್ರು ಹಾಕಿದ್ರೆ ಇದು ಬರ್ತಿದೆ ಅತ್ತೆ! ಪೈಪ್ ಕಿತ್ತಿದ್ದು ಯಾರು?"

"ನಾನೇ. ಬೇಸಿಗೇಲಿ ನಿನ್ ನಲ್ಲೀಲಿ ಬರೋದೂ ಇದೇ ನೀರು ಕಣೆ. ಅಲ್ಲೀವರ್ಗೂ ಕಾಯೋ ತಾಳ್ಮೆ ನಿನ್ ಗಂಡಂಗಿಲ್ಲ, ಓಡಿಸ್ತಿದ್ದಾನೆ. ಓಡಿ ಹೋಗೋದ್ರೊಳಗೆ ಕುಡ್ಕೊಂಬಿಡಿ."

ವೀಣಾ ಬಿಂದಿಗೆ ನೋಡಿದಳು, ಚರಂಡಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆ ವರ್ಷ ಟ್ಯಾಂಕರ್ ನೀರನ್ನ ರಸ್ತೆಯಿಂದ ಹೊತ್ತು ತಂದಿದ್ದು ನಾನು, ನೀವಲ್ಲ. ಮುಚ್ಚಿ ಬದುವನ್ನ."

"ಶುಂಠಿ?"

"ಚರಂಡೀನ ಬೇಲಿ ಬುಡದಲ್ಲಿ ಸುತ್ತಿ ತೋಡು," ಎಂದಳು ಮುತ್ತಮ್ಮ. "ದೂರ ಆಗುತ್ತೆ, ಆಗ್ಲಿ."

ಧರ್ಮೇಶ ಮುಖ ಊದಿಸಿಕೊಂಡೇ ಗುದ್ದಲಿ ಹಿಡಿದ. ಬದು ಮುಚ್ಚಿ ಮುಗಿಸಿ, ಕೈಯ ಕೆಸರು ಒರೆಸಿಕೊಂಡು, ಪೈಪನ್ನು ಬಾವಿಗೆ ಬಿಡಲೇ ಎಂದು ಕೇಳಿದ.

"ಗದ್ದೆ ತುಂಬ್ಲಿ, ಆಮೇಲೆ," ಎಂದಳು ಮುತ್ತಮ್ಮ. "ಅಲ್ಲೀವರ್ಗೂ ಎರಡು ಮನೆಗೂ ನೀನೇ ಹಗ್ಗ ಹಾಕಿ ಸೇದು. ನೀರಿನ ತೂಕ ಎಷ್ಟು ಅಂತ ನಿನ್ ಕೈಗೂ ಗೊತ್ತಾಗ್ಲಿ."