ಖಾಲಿ ಬಿಟ್ಟ ಪಾಲು

ಕಂಟ್ರೋಲ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಅವಳು ಗೋಡೆಯಮ್ಮ. ಮೊಬೈಲ್ ಜಾಲದೊಳಗೆ ಕಣ್ಣಿಗೆ ಕಾಣದ ಗೋಡೆ ಎಬ್ಬಿಸುವುದೇ ಅವಳ ಕೆಲಸ. ಟವರು ಅವೇ, ಕೇಬಲ್ಲು ಅವೇ. ಸಾಫ್ಟ್‌ವೇರಿನಲ್ಲಿ ಮಾತ್ರ ಪಾಲು ಬೇರೆ. ಜನರ ಮಾತಿಗೆ, ವಿಡಿಯೊಗಳಿಗೆ ಒಂದು, ಕಾರ್ಖಾನೆಯ ಯಂತ್ರಗಳಿಗೆ ಇನ್ನೊಂದು, ಆಂಬುಲೆನ್ಸು, ಆಸ್ಪತ್ರೆಗಳಿಗೆ ಮತ್ತೊಂದು. ಒಂದರ ನೂಕುನುಗ್ಗಲು ಇನ್ನೊಂದಕ್ಕೆ ತಟ್ಟಬಾರದು. ಅಡ್ಡಹೆಸರಿಗೆ ಅವಳೂ ನಗುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ ಡಬ್ಬಿ ಹಿಡಿದು ಕಿಟಕಿ ಬದಿಯ ಮೇಜಿಗೆ ಒಬ್ಬಳೇ ಹೋಗುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಅವಳಿಗೆ ಉಳಿದವನು ತಮ್ಮನೊಬ್ಬನೇ. ಅಮ್ಮನನ್ನು ಯಾರು ಹೆಚ್ಚು ನೋಡಿಕೊಂಡರು ಎಂದು ಮಾತಿಗೆ ಮಾತು ಬೆಳೆದು, ಇಬ್ಬರೂ ಮುಖ ತಿರುಗಿಸಿಕೊಂಡು ತಿಂಗಳುಗಳೇ ಕಳೆದಿದ್ದವು.

ಆ ಮಧ್ಯಾಹ್ನ ಫುಟ್‌ಬಾಲ್ ಫೈನಲ್. ಆಟ ಮುಗಿಯುತ್ತಿದ್ದಂತೆ ಸ್ಟೇಡಿಯಮ್ಮಿನಲ್ಲಿದ್ದವರೆಲ್ಲ ಒಟ್ಟಿಗೆ ಫೋನ್ ಎತ್ತಿದರು. ಪರದೆಯ ಮೇಲೆ ಜನರ ಪಾಲು ಕೆಂಪಗಾಯಿತು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ತಮ್ಮ!

"ಅಕ್ಕಾ... ಸ್ಟೇಡಿಯಂ ಹತ್ರ..." ಗದ್ದಲದ ನಡುವೆ ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಹೋಗಲೊಲ್ಲದು.

ಮೇಲಧಿಕಾರಿ ಧಾವಿಸಿ ಬಂದರು. "ಮೇಡಂ, ಆಂಬುಲೆನ್ಸ್ ಪಾಲು ಖಾಲಿ ಬಿದ್ದಿದೆ. ಸ್ವಲ್ಪ ಜನರ ಕಡೆ ಬಿಡಿ. ಬೈಗುಳ ಕೇಳೋಕಾಗ್ತಿಲ್ಲ."

ಬಿಟ್ಟರೆ ತಮ್ಮನ ಕರೆಯೂ ಬಂದೀತು. ಅವಳ ಕೈ ಮೌಸಿನವರೆಗೆ ಹೋಗಿ ನಿಂತಿತು.

"ಬೇಡ ಸರ್. ಖಾಲಿ ಇದ್ರೇನೇ ಅದು ಕೆಲಸಕ್ಕೆ ಬರೋದು."

"ಸರಿ, ಬೈಸ್ಕೊಳ್ಳೋನು ನಾನು ತಾನೆ!" ಎಂದು ಗೊಣಗುತ್ತ ಹೋದರು.

ಸ್ವಲ್ಪ ಹೊತ್ತಿಗೆ ಆ ಖಾಲಿ ಪಾಲಿನಲ್ಲಿ ಗೆರೆಯೊಂದು ಮೇಲೆದ್ದಿತು. ಸ್ಟೇಡಿಯಮ್ಮಿನ ಗೇಟಿನಿಂದ ಹೊರಟ ಆಂಬುಲೆನ್ಸು ಯಾರದೋ ಎದೆಬಡಿತವನ್ನು ಆಸ್ಪತ್ರೆಯ ಡಾಕ್ಟರಿಗೆ ಕಳಿಸುತ್ತಿತ್ತು. ಯಾರದು? ಪರದೆಗೆ ಗೊತ್ತಿದ್ದದ್ದು ಗಾಡಿಯೊಂದೇ. ಅವಳು ತಮ್ಮನ ನಂಬರನ್ನು ಮತ್ತೆ ಒತ್ತಿದಳು, ಹೋಗಲಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು? ಪಕ್ಕದ ಕುರ್ಚಿಯವರು ತಂತಮ್ಮ ಪರದೆಯಲ್ಲಿ ಮುಳುಗಿದ್ದರು.

ಜನ ಚದುರಿದ ಮೇಲೆ ಕೊನೆಗೂ ಕರೆ ಹೋಯಿತು.

"ಎಲ್ಲಿದ್ದೀಯೋ? ಏನಾಯ್ತೋ ನಿಂಗೆ?"

"ನಂಗೇನಾಗತ್ತೆ? ಗೆದ್ವಿ ಅಕ್ಕ! ಅದನ್ನೇ ಹೇಳೋಕೆ ಮಾಡಿದ್ದೆ. ಗೆದ್ದಾಗ್ಲೆಲ್ಲ ಅಮ್ಮಂಗೆ ಮಾಡ್ತಿದ್ನಲ್ಲ, ಕೈ ತಾನಾಗೇ ಆ ನಂಬರಿಗೆ ಹೋಯ್ತು. ಆಮೇಲೆ ನಿಂಗೆ ಮಾಡ್ದೆ."

"ಊಟಕ್ಕೆ ಬಾರೋ."

"ಇವತ್ತು ಫ್ರೆಂಡ್ಸ್ ಜೊತೆ ಇದ್ದೀನಿ. ಇನ್ನೊಂದ್ಸಲ ಬರ್ತೀನಿ ಅಕ್ಕ." ಹಿಂದೆ ಯಾರೋ ಅವನನ್ನು ಕೂಗಿದರು. ಫೋನ್ ಇಟ್ಟ.

"ಬದುಕಿದ್ರಂತೆ ಮೇಡಂ, ಆಂಬುಲೆನ್ಸಲ್ಲಿದ್ದೋರು," ಎಂದು ಹೇಳಿ ಮೇಲಧಿಕಾರಿ ತಮ್ಮ ಕೋಣೆಗೆ ಹೋದರು.

ಸಂಜೆಯ ಬಸ್ಸು ಗೆದ್ದವರಿಂದ ತುಂಬಿತ್ತು. ಕೆನ್ನೆಗೆ ಬಣ್ಣ ಬಳಿದುಕೊಂಡ ಹೆಂಗಸೊಬ್ಬಳು ಪಕ್ಕದಲ್ಲಿ ಕುಸಿದು ಕೂತು ಕೇಳಿದಳು: "ಮ್ಯಾಚ್ ನೋಡಿದ್ರಾ?"

"ಇಲ್ಲ. ನನ್ನ ತಮ್ಮ ಫೋನ್ ಮಾಡಿ ಹೇಳ್ದ."

ಇನ್ನಷ್ಟು ಹೇಳಬೇಕೆನ್ನಿಸಿತು ಅವಳಿಗೆ. ಆದರೆ ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.