ದಿನಾಂಕವಿರುವ ಚೀಟಿ

ನಮ್ಮ ನುಡಿಸಂಘದ ಅಧ್ಯಕ್ಷ ಕಲಾನ್ ಅವರ ಗಡ್ಡದಲ್ಲಿ ಗಸಗಸೆ ಸಿಕ್ಕಿಕೊಂಡಿದೆ, ಈಗಷ್ಟೇ ತಿಂದ ಪೊತಿತ್ಸ ರೊಟ್ಟಿಯದು, ಮಾತಾಡಿದಾಗಲೆಲ್ಲ ಕುಣಿಯುತ್ತದೆ, ನಮ್ಮ ಸ್ಲೊವೇನ ನುಡಿ ಮನೆಯಾಳಲ್ಲ ಮಹನೀಯರೇ, ಮನೆಯೊಡತಿ, ಅನ್ನುತ್ತಿದ್ದಾರೆ ಅಧ್ಯಕ್ಷರು, ಚಪ್ಪಾಳೆ, ಈ ಓದುಮನೆಯ ಮೆಟ್ಟಿಲಿಳಿದು ಲ್ಯುಬ್ಲ್ಯಾನಾದ ಬೀದಿ ಮುಟ್ಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಜರ್ಮನ್, ನನ್ನ ಬಾಯಲ್ಲೂ, ಹೆಂಡತಿಯ ಜೊತೆ ಜಗಳವಾಡುವುದಕ್ಕೂ ನನಗೆ ಅದೇ ಬೇಕು — ಅದಲ್ಲ, ಆ ನಾಚಿಕೆ ಸಣ್ಣದು, ಒಗ್ಗಿಹೋಗಿದೆ — ಮೂರನೇ ಸಾಲಿನಲ್ಲಿ ಯೆರಾ ಕೂತಿದ್ದಾಳೆ, ನನ್ನ ತಂಗಿ, ತಲೆಗೆ ಕರಿ ವಸ್ತ್ರ, ಹಳ್ಳಿಯಿಂದ ಗಾಡಿಯಲ್ಲಿ ಬಂದಿದ್ದಾಳೆ, ಅಮ್ಮನ ಹೆಸರು ಓದ್ತಾರಂತಲ್ಲಣ್ಣ, ಇಷ್ಟು ದೊಡ್ಡೋರ ಮುಂದೆ, ನಾನು ಬರದೆ ಇರ್ತೀನಾ, ಕರೆದವನು ನಾನಲ್ಲ, ಕಲಾನ್ ಅವರೇ ಕಾಗದ ಬರೆಸಿದ್ದರು. ಮೇಜಿನ ಮೇಲೆ ನನ್ನ ಪೆಟ್ಟಿಗೆ, ನಿಘಂಟಿಗೆಂದು ಹನ್ನೊಂದು ವರ್ಷ ಕೂಡಿಹಾಕಿದ ಚೀಟಿಗಳು, ಒಂದೊಂದರಲ್ಲೂ ಪದ, ಅದರ ಕೆಳಗೆ ಹೇಳಿದವರ ಹೆಸರು, ಊರು, ದಿನಾಂಕ, ದಿನಾಂಕವಿಲ್ಲದ ಚೀಟಿ ಕಸಕ್ಕೆ ಸಮ ಎಂದು ಸಂಘಕ್ಕೆ ನಿಯಮ ಮಾಡಿಕೊಟ್ಟವನೇ ನಾನು, ಮಹಾ ಪಂಡಿತ — ಅರ್ಧಕ್ಕರ್ಧ ಪದಗಳು ಅಮ್ಮನವು, ಊರಿಗೆ ಹೋದರೆ ಬಾಗಿಲಲ್ಲೇ ಶುರು, ಬಾರೋ ಲೊವ್ರೊ, ನಿಂಗೆ ಅಂತ ನಾಕು ಎತ್ತಿಟ್ಟಿದೀನಿ, ನಾನು ಮರೆಯೋಕ್ಮುಂಚೆ ಬರ್ಕೋ, ಮೊಟ್ಟೆ ಎತ್ತಿಟ್ಟ ಹಾಗೆ ಎತ್ತಿಡುತ್ತಿದ್ದಳು.

ಕಲಾನ್ ಅವರ ಕೈ ಪೆಟ್ಟಿಗೆಯೊಳಗೆ ಹೋಯಿತು, ಬೇರೆ ಯಾವುದಾದರೂ ತೆಗೀರಿ ಸ್ವಾಮಿ, ಉಳುಮೆಯದು, ಜೇನಿನದು, ಇಲ್ಲ, ಅದೇ ಚೀಟಿ ಬಂತು, ನಾಲಿಗೆ ಅಂಗುಳಕ್ಕೆ ಅಂಟುವಂಥ ಬಾಯಾರಿಕೆಗೆ ನಮ್ಮಲ್ಲಿ ಪದವೇ ಇಲ್ಲ ಅಂದುಕೊಂಡಿದ್ದೆವಲ್ಲ, ಇಲ್ಲಿದೆ ನೋಡಿ, ಅನ್ನುತ್ತಿದ್ದಾರೆ — ನಾಲ್ಕು ವರ್ಷದ ಹಿಂದೆ, ಹುಲ್ಲು ಕೊಯ್ಲಿನ ಮಧ್ಯಾಹ್ನ, ಅಮ್ಮ ಹಾಸಿಗೆ ಹಿಡಿದಿದ್ದಳು, ಯೆರಾ ಹುಲ್ಲು ಮಗುಚಲು ಹೊರಟಳು, ಅಮ್ಮನ ಹತ್ರಾನೇ ಇರಣ್ಣ, ನೀರು ಕೇಳಿದ್ರೆ ಕೊಡು, ಹೂಜಿ ತುಂಬಿಸಿ ನನ್ನ ಕೈಗೆಟುಕುವಲ್ಲಿ ಇಟ್ಟು ಹೋದಳು, ಅಷ್ಟೇ ಕೆಲಸ, ಅಮ್ಮ ಕಣ್ಣು ತೆರೆದಳು, ಒಂದೇ ಪದ ಅಂದಳು, ನಾನೆಂದೂ ಕೇಳಿರದ್ದು, ಅವಳ ಅಜ್ಜಿಯ ಕಾಲದ್ದಿರಬೇಕು, ಅಂಗುಳಕ್ಕೆ ಅಂಟಿದ ನಾಲಿಗೆ ನೋಡಿದರೆ ಅರ್ಥ ಕೇಳಬೇಕಿರಲಿಲ್ಲ, ನನ್ನ ಕೈ ಹೂಜಿಗೆ ಹೋಗಲಿಲ್ಲ, ಜೇಬಿಗೆ ಹೋಯಿತು, ಚೀಟಿ ಸಿಕ್ಕಿತು, ಪೆನ್ಸಿಲಿನ ಮೊನೆ ಮುರಿದಿತ್ತು, ಚಾಕು ತೆಗೆದು ಹೆರೆದೆ, ಕೂತು ಹೆರೆದೆ, ದೇವರೇ, ಖುಷಿಯಾಗಿತ್ತು ನನಗೆ — ಬರೆದು ತಲೆಯೆತ್ತಿದರೆ ಉಸಿರಿರಲಿಲ್ಲ. ಯೆರಾ ಬಂದು ಅತ್ತಳು, ಆಮೇಲೆ ಹೂಜಿ ನೋಡಿದಳು, ತುಂಬಿದ್ದು ತುಂಬಿದ ಹಾಗೇ ಇದೆಯಲ್ಲಣ್ಣ, ನೀರು ಕೇಳ್ಲಿಲ್ವಾ, ಇಲ್ಲ ಕಣೇ, ಏನೂ ಕೇಳ್ಲಿಲ್ಲ, ನಿದ್ದೇಲೇ ಹೋದ್ಲು — ಸದ್ಯ, ಬಾಯಾರದೆ ಹೋದ್ಲಲ್ಲ ಎಂದು ನಾಲ್ಕು ವರ್ಷದಿಂದ ಅದನ್ನೇ ಹೇಳಿಕೊಂಡು ಸಮಾಧಾನವಾಗಿದ್ದಾಳೆ. ಚೀಟಿ ಸುಡಬಹುದಿತ್ತು, ದಿನಾಂಕ ತಿದ್ದಬಹುದಿತ್ತು, ಸುಳ್ಳು ಚೀಟಿ ಇಡಲು ಕೈ ಬರಲಿಲ್ಲ, ತಂಗಿಗೆ ಸುಳ್ಳು ಹೇಳಲು ಬಾಯಿ ಬಂತು, ಥೂ ನನ್ನ ಜನ್ಮಕ್ಕೆ — ಓದುತ್ತಿದ್ದಾರೆ, ಪದ, ಅದರ ಅರ್ಥ, ಚಪ್ಪಾಳೆ, ಹೇಳಿದವರು ಪೊಲೊನಾ, ಯೆರಾಳ ಮುಖ ಅರಳಿತು, ಊರಿನ ಹೆಸರು, ಅಷ್ಟು ಸಾಕು, ನಿಲ್ಲಿಸಿ, ಜುಲೈ ಒಂಬತ್ತು, ಸಾವಿರದ ಎಂಟುನೂರ ಅರವತ್ತನಾಲ್ಕು — ಓದು ಬಾರದಿದ್ದರೂ ಅಮ್ಮ ಹೋದ ಆ ದಿನ ಅವಳಿಗೆ ಗೊತ್ತು, ವರ್ಷವರ್ಷವೂ ಅಂದು ಚರ್ಚಿನಲ್ಲಿ ಅಮ್ಮನ ಹೆಸರಿಗೆ ಪೂಜೆ ಮಾಡಿಸುತ್ತಾಳೆ, ತಟ್ಟುತ್ತಿದ್ದ ಕೈ ನಿಂತಿದೆ, ನನ್ನನ್ನೇ ನೋಡುತ್ತಿದ್ದಾಳೆ, ಹಾಗೆ ನೋಡಬೇಡ ಯೆರಾ, ಇನ್ನೂ ಒಂದಿದೆ, ಅದು ಚೀಟಿಯಲ್ಲಿಲ್ಲ — ನಾನು ಪೆನ್ಸಿಲ್ ಹೆರೆಯುವುದನ್ನು ಅಮ್ಮ ನೋಡಿದಳು, ಹೂಜಿಯತ್ತ ಕೈ ತೋರಿಸಲಿಲ್ಲ, ಬರ್ಕೋತೀಯಾ ಮಗಾ ಅಂದಳು, ಮೊನೆ ಕಾಗದಕ್ಕೆ ತಾಗುವವರೆಗೆ ಕಾದಳು, ಆಮೇಲೆ ನಾನು ತಪ್ಪದೆ ಬರೆಯಲೆಂದು ಅದೇ ಪದವನ್ನು ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದಳು, ಒಡೆದ ತುಟಿ ತೆರೆದು, ಮುಚ್ಚಿ, ತೆರೆದು, ಆ ತುಟಿ, ಒಣಗಿದ ಆ ತುಟಿ